ಫೇಲ್ ಆಗಲು ಬಾರದ ಪರೀಕ್ಷೆ

ಕಳೆದ ವರ್ಷದ ಏಪ್ರಿಲ್. ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತನಾಗಿ ರಾಮನಗರದಲ್ಲಿದ್ದ ನನಗೆ ಆಗ ಅರವತ್ತೇಳು. ಪಕ್ಕದ ಮನೆಯ ಎಂಜಿನಿಯರ್ ಶಬಾನಾ ರೇಷ್ಮೆಹುಳು ಸಾಕುವವರಿಗಾಗಿ ಒಂದು ಪುಟ್ಟ ಯಂತ್ರ ಮಾಡಿದ್ದಳು. ಹುಳದ ಮನೆಯಲ್ಲಿ ಬಿಸಿ ಮಿತಿ ಮೀರಿದರೆ ಅದು ಫೋನಿಗೆ ಸಂದೇಶ ಕಳಿಸಬೇಕು. ಅದರ ಸಾಫ್ಟ್‌ವೇರ್ ಪರೀಕ್ಷಿಸಲು ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರ್ ಒಂದೊಂದಾಗಿ ನಡೆಸುವ ಆಜ್ಞೆಗಳ ಪಟ್ಟಿ, ಬರೆಯುವ ಕೆಲಸ ನನ್ನದು. ಹನ್ನೆರಡು ಪರೀಕ್ಷೆ ಬರೆದೆ. ದಿನವೂ ಬೆಳಿಗ್ಗೆ ಆರಕ್ಕೆ ನಡೆಸುತ್ತಿದ್ದೆ. ದಿನವೂ ‘ಎಲ್ಲ ಸರಿ’ ಎಂದೇ ಬರುತ್ತಿತ್ತು.

ಮೊದಲ ಯಂತ್ರವನ್ನು ಸಾತನೂರಿನ ರತ್ನಮ್ಮನ ಹುಳದ ಮನೆಯಲ್ಲಿ ಕೂರಿಸಿದೆವು. ಆಕೆ ಮರುದಿನ ಮಗಳ ಹೆರಿಗೆಗೆ ಕನಕಪುರಕ್ಕೆ ಹೋಗಬೇಕಿತ್ತು. ಹುಳ ಗೂಡು ಕಟ್ಟಲು ನಾಲ್ಕೈದು ದಿನವಷ್ಟೇ ಬಾಕಿ. ಬಿಸಿ ಏರಿದಾಗ ಆಕೆಯ ಮೈದುನ ಫೋನಿನ ಸಂದೇಶ ನೋಡಿ ಹೊಲದಿಂದ ಓಡಿಬಂದು ಕಿಟಕಿಯ ಗೋಣಿಪರದೆಗೆ ನೀರು ಹಾಕದಿದ್ದರೆ ಇಡೀ ಬೆಳೆ ಹೋಗುತ್ತದೆ.

“ಒಸಿ ಕೂಗ್ಸಿ ತೋರ್ಸಿ ಸ್ವಾಮಿ,” ಎಂದಳು.

“ಹನ್ನೆರಡು ಪರೀಕ್ಷೆ ಪಾಸಾಗಿದೆಯಮ್ಮ,” ಎಂದೆ.

“ಪಾಸಾಗಿರಾದು ನಿಮ್ಮನೇಲಿ. ಹುಳ ಇರಾದು ನಮ್ಮನೇಲಿ!”

ಆಕೆಯೇ ಚೊಂಬಿನಲ್ಲಿ ಬಿಸಿನೀರು ತಂದು, ಬಿಸಿ ಅಳೆಯುವ ತಂತಿಯ ತುದಿಯನ್ನು ಅದರೊಳಗೆ ಅದ್ದಿದಳು. ಮೈದುನನ ಫೋನಿನ ಸದ್ದೇ ಇಲ್ಲ. ಅವನು ನಕ್ಕ: “ಅತ್ಗೆ, ಇದ್ಕಿಂತ ನಮ್ ನಾಯಿನೇ ವಾಸಿ, ಬೊಗಳಾದ್ರೂ ಬೊಗಳ್ತದೆ.”

ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ನಡೆಸಿದೆ. ಮತ್ತೆ ‘ಎಲ್ಲ ಸರಿ’. ಶಬಾನಾ ನನ್ನ ಸ್ಕ್ರಿಪ್ಟನ್ನು ಮೇಲಿನಿಂದ ಕೆಳಗೆ ಓದಿ, “ಅಂಕಲ್, ಈ ಕೊನೇ ಸಾಲು ಯಾಕೆ ಹಾಕಿದ್ರಿ?” ಎಂದಳು.

ಎಕ್ಸ್‌ಚೇಂಜಿನಲ್ಲಿ ಪಾಳಿ ಮುಗಿದಾಗ ರಿಜಿಸ್ಟರಿನಲ್ಲಿ ‘ಎಲ್ಲ ಸರಿ’ ಎಂದು ಬರೆದು ಸಹಿ ಹಾಕುವುದು ನಿಯಮ. ಅದೇ ಅಭ್ಯಾಸದಲ್ಲಿ ಸ್ಕ್ರಿಪ್ಟಿನ ಕೊನೆಯಲ್ಲೂ ‘ಎಲ್ಲ ಸರಿ’ ಎಂದು ತೋರಿಸುವ ಸಾಲು ಹಾಕಿದ್ದೆ. ಮೇಲೆ ಏನೇ ಕೆಟ್ಟರೂ ಆ ಸಾಲು ಬಂದೇ ಬರುತ್ತಿತ್ತು. ಕಂಪ್ಯೂಟರ್ ಅದನ್ನೇ ಒಟ್ಟು ಫಲಿತಾಂಶವೆಂದು ತಿಳಿಯುತ್ತಿತ್ತು. ಅದನ್ನು ಅಳಿಸಿ, ಯಾವ ಪರೀಕ್ಷೆ ಕೆಟ್ಟರೂ ಅಲ್ಲೇ ನಿಲ್ಲುವಂತೆ ಬರೆದು ನಡೆಸಿದೆ. ಎಂಟನೆಯದು ಫೇಲ್. ಸಾಫ್ಟ್‌ವೇರಿನಲ್ಲಿ, ಬಿಸಿ ಏರಿದಾಗ ಹೋಗಬೇಕಾದ ಸಂದೇಶ ಇಳಿದಾಗ ಹೋಗುವಂತಿತ್ತು.

“ನಾಲ್ಕು ಗಂಟೆ ಬಸ್ಸಿಗೆ ಹೊತ್ತಾಯ್ತು ಅಂಕಲ್.”

“ಹೋಗಲಿ ಬಿಡಮ್ಮ. ಇದು ಮುಗಿಯೋವರೆಗೂ ನಾನು ಏಳಲ್ಲ.”

ಅವಳು ತಪ್ಪು ತಿದ್ದಿದಳು. ನಾನು ಸಾಫ್ಟ್‌ವೇರನ್ನು ಬೇಕೆಂದೇ ಹನ್ನೆರಡು ಕಡೆ ಒಂದೊಂದಾಗಿ ಕೆಡಿಸಿ, ಪ್ರತಿ ಪರೀಕ್ಷೆಯೂ ಅದನ್ನು ಹಿಡಿಯುವುದನ್ನು ಕಣ್ಣಾರೆ ಕಂಡೆ. ಆಮೇಲೆ ಕೆಡಿಸಿದ್ದನ್ನೆಲ್ಲ ಸರಿಮಾಡಿ, ತಿದ್ದಿದ ಸಾಫ್ಟ್‌ವೇರನ್ನು ಯಂತ್ರಕ್ಕೆ ಹಾಕಿ ಬಿಸಿನೀರು ಕೇಳಿದೆ. ತಂತಿಯ ತುದಿ ಅದ್ದಿದ್ದೇ ತಡ, ಮೈದುನನ ಜೇಬು ಕೂಗಿತು.

“ಈಗ ಬ್ಯಾಗ್ ತುಂಬ್ಕತೀನಿ,” ಎಂದಳು ರತ್ನಮ್ಮ.

ಮೂರನೆಯ ದಿನ ಫೋನ್ ಮಾಡಿದಳು. ಮಗಳಿಗೆ ಹೆಣ್ಣುಮಗು. ಮೈದುನನ ಫೋನ್ ಮಧ್ಯಾಹ್ನ ಎರಡು ಸಲ ಕೂಗಿತಂತೆ, ಅವನು ಓಡಿಬಂದು ನೀರು ಹಾಕಿದನಂತೆ, ಹುಳ ಉಳಿದವಂತೆ.

ಈಗ ನಾನು ಯಾವ ಪರೀಕ್ಷೆ ಬರೆದರೂ ಅದು ಫೇಲ್ ಆಗುವುದನ್ನು ನೋಡದೆ ಪಾಸಾಯಿತೆಂದು ನಂಬುವುದಿಲ್ಲ. ಅಂದಿನ ನಾಚಿಕೆ ಇನ್ನೂ ಹೋಗಿಲ್ಲ. ಇರಲಿ, ಕೆಲಸಕ್ಕೆ ಬರುತ್ತಿದೆ.