ಸಂಸಾರದ ಆಟದ ಎರಡನೇ ಭಾಗಕ್ಕೆ ನನ್ನ ಮಾವನ ಮೆಚ್ಚುಗೆ

ಗೆಳೆಯರೇ, ಸಂಸಾರದ ಆಟದ ಎರಡನೇ ಭಾಗ ಇಂದು ನಮ್ಮ ಆಳಂದಕ್ಕೂ ಬಂತು. ದಾಳ ಎಸೆದು ನೌಕರಿ ಹಿಡಿಯುವ, ಮನೆ ಕಟ್ಟುವ, ಮದುವೆಯಾಗುವ ಅದೇ ರಟ್ಟಿನ ಆಟ. ಮೊದಲ ಭಾಗವನ್ನು ಆಡಿ ಆಡಿ ಹರಿದು ಹಾಕಿದವರೆಲ್ಲ ಶರಣಪ್ಪನ ಸೈಕಲ್ ಅಂಗಡಿಯಲ್ಲಿ ಕೂಡಿದ್ದೆವು. ನನ್ನ ಸೋದರಮಾವನೂ ಬಂದಿದ್ದರು. ಅವರ ಮಗಳನ್ನು ನನಗೇ ಕೊಡಬೇಕೆಂದು ಅವ್ವ ಕೇಳಿದ್ದಾಳೆ. ಅವರು ಇನ್ನೂ ಹೂಂ ಅಂದಿಲ್ಲ.

"ಈ ಸಲ ಸ್ಕೂಟರ್ ಕೊಟ್ಟಾರಲೇ, ಭಾರಿ ಅದ!" ಎಂದ ಶರಣಪ್ಪ.

"ಸ್ಕೂಟರ್ ಕೊಟ್ಟು ಹೊಲ ಕಸ್ಗೊಂಡಾರ. ಹೊಲ ಬೇಕಂದ್ರ ಬ್ಯಾರೆ ಪಾಕೀಟ್ ತಗೋಬೇಕಂತ. ಕಂಪನಿಯವ್ರು ನಮಗೇನು ಹುಚ್ಚರಂತ ತಿಳದಾರೇನು?" ಎಂದು ಟೇಲರ್ ಮೆಹಬೂಬ ಸಿಡಿದ.

ನಿಯಮದ ಹಾಳೆ ನನ್ನ ಕೈಗೆ ಬಂತು. ಅರ್ಧಕ್ಕೆ ಶಾಲೆ ಬಿಟ್ಟರೂ ಓದಲು ಬರುತ್ತದೆಂದು ಮಾವನಿಗೆ ಗೊತ್ತಾಗಲಿ ಅಂತ ಗಟ್ಟಿಯಾಗಿಯೇ ಓದಿದೆ: "ರಕ್ತಸಂಬಂಧದಲ್ಲಿ ಮದುವೆಯಾದ ಆಟಗಾರನು ಆಟದಿಂದ ಹೊರಗೆ."

"ಸ್ವಾದರಮಾವನ ಮಗಳನ್ನ ಬಿಟ್ಟು ಮತ್ತ್ಯಾರನ್ನ ಮಾಡ್ಕೋಬೇಕಂತ? ಈ ಆಟ ಮಾಡಿದವಗ ಮಾವನೇ ಇದ್ದಿಲ್ಲ ಕಾಣ್ತದ!" ಎಂದು ಶರಣಪ್ಪ ನಕ್ಕ.

ನನಗೆ ನಗು ಬರಲಿಲ್ಲ. "ಮಾವಾ, ಇದು ಬರೇ ಆಟದಾಗಿನ ಕಾಯ್ದೆ ಅದರಿ" ಎಂದೆ.

ಮಾವ ಹಾಳೆಯನ್ನು ಇಸಿದುಕೊಂಡು, ಮಡಚಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. "ಮೊದಲನೇದು ಹುಡುಗರಾಟ ಇತ್ತು. ಈ ಸಲ ಕಂಪನಿಯವ್ರು ಶಾಣ್ಯಾರಾಗ್ಯಾರ ನೋಡು, ತಮ್ಮಾ" ಎಂದು ಎದ್ದು ಹೋದರು.

ಆಟದ ಬಗ್ಗೆ ಊರಲ್ಲಿ ಇನ್ನೂ ಎರಡು ಮಾತಿವೆ. ನನಗಂತೂ ಒಂದೇ ಚಿಂತೆ. ನಿನ್ನೆಯವರೆಗೆ ಮಾವ ನನ್ನನ್ನು ಕರೆಯುತ್ತಿದ್ದುದು ಅಳಿಯಾ ಎಂದು.