ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಸೋತ ಯುದ್ಧಗಳು

ನಮ್ಮ ಮಾವ ಟೈಲರ್. ಅಂಗಡಿ ಕೆಳಗೆ, ಮನೆ ಮೇಲೆ. ಕೋಟು ಹೊಲಿಯುವುದರಲ್ಲಿ ಅವರನ್ನು ಮೀರಿಸುವವರು ಈ ಬೀದಿಯಲ್ಲಿಲ್ಲ. ಯುದ್ಧದಲ್ಲಿ ಮಾತ್ರ ಅವರಷ್ಟು ಸೋತವರನ್ನು ನಾನು ಕಂಡಿಲ್ಲ, ಕೇಳಿಲ್ಲ.

ಯುದ್ಧ ಎಂದರೆ ಮೊಬೈಲಿನದು. ಒಂದು ಕೋಟೆ, ಒಂದು ಹೊಳೆ, ಹೊಳೆಗೊಂದು ಸೇತುವೆ. ಈ ಕಡೆ ನಾಲ್ಕು ಜನ, ಆ ಕಡೆ ಮುಖ ಕಾಣದ ಯಾರೋ ನಾಲ್ಕು ಜನ. ಮಾವನ ಜೊತೆಗಿರುವವರು ಎದುರಿನ ಕಟಿಂಗ್ ಶಾಪಿನ ಅಣ್ಣ, ವೈರಿಂಗ್ ಕೆಲಸದ ಅಣ್ಣ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಮಧ್ಯಾಹ್ನ ಊಟವಾದ ಮೇಲೆ ನಾಲ್ವರೂ ಅಂಗಡಿಯಲ್ಲಿ ಸೇರಿ ಆಡುತ್ತಾರೆ, ಸೋಲುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಆಮೇಲೆ.

ಬಟ್ಟೆ ಕತ್ತರಿಸುವ ಮೇಜನ್ನು ಖಾಲಿ ಮಾಡಿ ಮಾವ ಅದರ ಮೇಲೆ ಟೈಲರ್ ಸೀಮೆಸುಣ್ಣದಿಂದ ಹೊಳೆ ಎಳೆಯುತ್ತಾರೆ. ಕೋಟಿನ ಕಂಕುಳ ಗುರುತು ಹಾಕಿದಷ್ಟೇ ಸಲೀಸು. ಆಮೇಲೆ ಸೇತುವೆ, ದಿಬ್ಬ, ಕೋಟೆಬಾಗಿಲು. ಗುಂಡಿಗಳ ಡಬ್ಬಿ ಬರುತ್ತದೆ. ಮಾವನ ಸೇನೆಗೆ ಕಂದು ಗುಂಡಿ, ಕಟಿಂಗ್ ಅಣ್ಣನಿಗೆ ಕಪ್ಪು, ವೈರಿಂಗ್ ಅಣ್ಣನಿಗೆ ಬೂದು, ಮೇಷ್ಟ್ರಿಗೆ ಕೆಂಪು. ಸೋತ ಯುದ್ಧವನ್ನು ಹೆಜ್ಜೆಹೆಜ್ಜೆಯಾಗಿ ಮತ್ತೆ ನಡೆಸಿ ಎಲ್ಲಿ ಕೆಟ್ಟಿತೆಂದು ಹುಡುಕುತ್ತಾರೆ.

"ಆಡಿದ್ದನ್ನೆಲ್ಲ ಮೊಬೈಲೇ ಮತ್ತೆ ತೋರಿಸುತ್ತಲ್ಲ ಮಾವ?" ಎಂದು ನಾನೊಮ್ಮೆ ಕೇಳಿದ್ದೆ.

"ಏನಾಯ್ತು ಅಂತ ಅದು ತೋರಿಸುತ್ತಮ್ಮ. ಯಾಕಾಯ್ತು ಅಂತ ಮೇಜೇ ಹೇಳ್ಬೇಕು."

ಮೇಜು ಹೇಳುವುದಕ್ಕೂ ಒಂದು ಕಟ್ಟಳೆಯಿದೆ. 'ನೀನು' ಎನ್ನುವಂತಿಲ್ಲ. ಹಿಂದೊಮ್ಮೆ ಮೇಷ್ಟ್ರು ಗಡ್ಡ ಮಾಡಿಸಿಕೊಳ್ಳುತ್ತ, "ನೀನ್ಯಾಕೋ ಸೇತುವೆ ಬಿಟ್ಟು ಓಡ್ದೆ?" ಎಂದದ್ದಕ್ಕೆ ಕಟಿಂಗ್ ಅಣ್ಣ ಅರ್ಧ ಗಡ್ಡ ಬೋಳಿಸಿ ಇನ್ನರ್ಧ ಹಾಗೇ ಬಿಟ್ಟು ಎದ್ದುಹೋಗಿದ್ದನಂತೆ. ಅಂದಿನಿಂದ ತಪ್ಪೆಲ್ಲ ಗುಂಡಿಯದೇ.

"ಕಪ್ಪು ಗುಂಡಿ ಸೇತುವೆ ಬಿಡ್ತು."

"ಯಾಕೆ ಬಿಡ್ತು?"

"ಕಪ್ಪು ಗುಂಡಿಗೆ ಗಿರಾಕಿ ಬಂದಿದ್ರು."

ಎಲ್ಲರೂ ತಲೆದೂಗುತ್ತಾರೆ. ಗಿರಾಕಿ ಬಂದರೆ ಯಾವ ಗುಂಡಿ ತಾನೇ ಏನು ಮಾಡೀತು?

ಇಷ್ಟೆಲ್ಲ ಜಾಲಾಡಿದವರು ಒಂದಾದರೂ ಗೆಲ್ಲಬೇಡವೇ? ಇಲ್ಲ. ಆ ಮೇಜಿನಿಂದ ಗೆದ್ದವರು ಒಬ್ಬ ವಕೀಲರು ಮಾತ್ರ. ಅವರ ಕರಿಕೋಟು ಮೇಜಿನ ಮೇಲಿರುವುದನ್ನು ಮರೆತು ಮಾವ ಅದರ ಬೆನ್ನಿಗೇ ಹೊಳೆ, ಸೇತುವೆ, ಎಡಗಡೆಯಿಂದ ನುಗ್ಗುವ ಬಾಣ ಎಲ್ಲ ಎಳೆದಿದ್ದರು. ವಕೀಲರು ನೋಡದೆ ತೊಟ್ಟು ಕೋರ್ಟಿಗೆ ಹೋದರು, ಕೇಸು ಗೆದ್ದರು. ಮರುವಾರ ಬಂದು, "ಆ ಬಾಣ ಇನ್ನೊಂದ್ಸಲ ಹಾಕ್ಕೊಡಿ," ಎಂದರು.

ನಾನು ಇದಕ್ಕೆಲ್ಲ ನಗುವ ಸ್ಥಿತಿಯಲ್ಲಿರಲಿಲ್ಲ. ನನಗೆ ಒಂದು ವರ್ಷದ ಮಗಳು. ಹೆರಿಗೆ ರಜೆ ಮುಗಿದು, ಅದರ ಮೇಲೆ ಕಾಡಿಬೇಡಿ ಪಡೆದ ರಜೆಯೂ ಮುಗಿದು, ಸೋಮವಾರ ಕಚೇರಿಗೆ ಹೋಗಲೇಬೇಕಿತ್ತು. ಹೋಗದಿದ್ದರೆ ನನ್ನ ಕುರ್ಚಿಯಲ್ಲಿ ಬೇರೆಯವರು ಕೂರುತ್ತಿದ್ದರು. ನನ್ನದು ವಿಮಾ ಕಚೇರಿಯಲ್ಲಿ ಅಪಘಾತದ ಅರ್ಜಿ ಓದುವ ಕೆಲಸ. ಬಿಸಿನೀರು, ಮೆಟ್ಟಿಲು, ಬಟ್ಟೆ ಒಣಹಾಕುವ ಹಗ್ಗ, ಯಾವುದರಿಂದ ಏನಾಗಬಹುದೆಂದು ನನಗೆ ಬೇಡವೆಂದರೂ ಗೊತ್ತು. ನಮ್ಮನೆಯವರು ಕಾರ್ಖಾನೆಯಲ್ಲಿ, ಅತ್ತೆ ಆಸ್ಪತ್ರೆಯಲ್ಲಿ ಹಗಲು ಪಾಳಿಯ ನರ್ಸ್. ಮಗುವನ್ನು ನೋಡಿಕೊಳ್ಳಲು ಉಳಿದವರು ಮಾವ. ಮಾವ ಎಂದರೆ ಗುಂಡಿ. ಗುಂಡಿ ಎಂದರೆ ಮಗುವಿನ ಗಂಟಲು. ಅಂಗಡಿಯ ಒಂದೊಂದು ಗುಂಡಿಯನ್ನೂ ತೊಳೆದು ನಾನೇ ಬಾಯಲ್ಲಿಟ್ಟು ನೋಡಿ, ಬಾಯೊಳಗೆ ಹಿಡಿಸಿದ್ದನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಸಿದೆ. ಉಳಿದದ್ದು ಚಳಿಗಾಲದ ಕೋಟಿನ ಅಂಗೈಯಗಲದ ಗುಂಡಿಗಳು. ಸೇತುವೆ ಅಗಲ ಮಾಡಬೇಕಾಯಿತು.

"ನಿಮ್ಮ ಸೊಸೆ ದಯದಿಂದ ನಮ್ಮ ಕುದುರೆಗಳೆಲ್ಲ ಆನೆ ಆದ್ವು," ಎಂದ ವೈರಿಂಗ್ ಅಣ್ಣ.

ಮಗಳು ಮಧ್ಯಾಹ್ನ ನಾನಿಲ್ಲದೆ ಮಲಗುತ್ತಿರಲಿಲ್ಲ. ಆ ವಾರ ದಿನವೂ ಮಾವ ಆಟ ಬಿಟ್ಟು ಅವಳನ್ನು ಮಲಗಿಸಲು ನೋಡಿದರು. ದಿನವೂ ಅಳು, ದಿನವೂ ನಾನು ಓಡಿಬಂದು ಎತ್ತಿಕೊಳ್ಳುವುದು. ಗುರುವಾರ ಸಂಜೆ ಕೆಳಗಿನಿಂದ ಕರೆ ಬಂತು.

"ಅಮ್ಮಾ, ಸ್ವಲ್ಪ ಬಾ."

ಮೇಜಿನ ಮೇಲೆ ಅಂದು ಹೊಳೆ ಇರಲಿಲ್ಲ, ನಮ್ಮ ಮನೆ ಇತ್ತು. ಅಡುಗೆಮನೆ, ಬಚ್ಚಲು, ತೊಟ್ಟಿಲಿನ ಕೋಣೆ, ಎಲ್ಲ ಅಳತೆಗೆ ಸರಿಯಾಗಿ. ತೊಟ್ಟಿಲಲ್ಲಿ ಹಳದಿ ಗುಂಡಿ, ಪಕ್ಕದಲ್ಲಿ ಕಂದು, ಕೋಣೆಯ ಬಾಗಿಲ ಹೊರಗೆ ಒಂದು ಬಿಳಿ.

"ಕಂದು ಗುಂಡಿ ಹಾಡ್ತಾ ಇದೆ," ಎಂದರು ಮಾವ. "ಹಳದಿ ಕಣ್ಣು ಮುಚ್ತಾ ಇದೆ. ಆಗ ಬಿಳಿ ಗುಂಡಿ ಬಾಗಿಲು ತೆರೀತು."

"ಯಾಕೆ ತೆರೀತು?" ಮೇಷ್ಟ್ರು ಗಂಭೀರವಾಗಿ ಕೇಳಿದರು.

"ಮಲಗಿದೆಯಾ ಅಂತ ನೋಡೋಕೆ."

"ನಿನ್ನೆ?"

"ನಿನ್ನೆ, ಸದ್ದೇ ಇಲ್ವಲ್ಲ ಅಂತ ತೆರೀತು."

"ಮೊನ್ನೆ ಕಿಟಕಿಯಿಂದ ಇಣುಕ್ತು," ಎಂದ ಕಟಿಂಗ್ ಅಣ್ಣ. "ನಮ್ಮ ಅಂಗಡಿಯಿಂದ ಚೆನ್ನಾಗಿ ಕಾಣುತ್ತೆ."

ನನಗೆ ಮೈಯೆಲ್ಲ ಉರಿಯಿತು. ಆದರೆ ಯಾರ ಮೇಲೆ ಸಿಟ್ಟಾಗುವುದು? ಯಾರೂ ನನ್ನ ಹೆಸರೆತ್ತಿರಲಿಲ್ಲ.

"ಬಿಳಿ ಗುಂಡಿಗೆ ಹೆದರಿಕೆ ಆಗುತ್ತೆ," ಎಂದೆ.

"ಆಗ್ಲಿ ತಂಗಿ, ಅದರಲ್ಲೇನಿದೆ? ನಮ್ಮ ಬೂದು ಗುಂಡಿ ದಿನಾ ಹೆದರಿ ಹೊಳೆಗೆ ಬೀಳಲ್ವಾ?" ಎಂದ ವೈರಿಂಗ್ ಅಣ್ಣ.

ಮಾವ ಬಿಳಿ ಗುಂಡಿಯನ್ನು ಬೆರಳಿನಿಂದ ಮೆಲ್ಲಗೆ ತಳ್ಳುತ್ತ ಮನೆ ದಾಟಿಸಿ, ಬೀದಿ ದಾಟಿಸಿ, ಮೇಜಿನ ಅಂಚಿಗೆ ತಂದು ನಿಲ್ಲಿಸಿದರು.

"ಇಷ್ಟು ದೂರ ಅಂದ್ರೆ ಎಲ್ಲಿ ಮಾವ?"

"ಪೆಟ್ರೋಲ್ ಬಂಕ್ ಆಚೆ."

ರಾತ್ರಿ ಊಟಕ್ಕೆ ಕೂತಾಗ ಅತ್ತೆ, "ಒಂದು ಸೇತುವೆ ಕಾಯೋಕಾಗ್ದೋರು ತೊಟ್ಟಿಲು ಕಾಯ್ತಾರಂತೆ! ಹೋಗೇ, ಅದನ್ನೂ ನೋಡಿಬಿಡೋಣ," ಎಂದರು.

ಶುಕ್ರವಾರ ಮಧ್ಯಾಹ್ನ ಕಾರ್ಯಾಚರಣೆ. ವೈರಿಂಗ್ ಅಣ್ಣ ಕರೆಗಂಟೆಯ ತಂತಿ ಬಿಚ್ಚಿ ಕೋಣೆಯ ಬಾಗಿಲಿಗೆ ಕಾವಲು ನಿಂತ. ಕಟಿಂಗ್ ಅಣ್ಣ ಬೀದಿಗಿಳಿದು ಹಾರನ್ ಹೊಡೆಯಬಂದ ಸ್ಕೂಟರಿನವರಿಗೆಲ್ಲ ಕತ್ತರಿ ತೋರಿಸತೊಡಗಿದ. ಮಾವ ತೊಟ್ಟಿಲ ಪಕ್ಕ. ನನ್ನನ್ನು ನಕ್ಷೆಯಾಚೆ ಸಾಗಿಸುವ ಹೊಣೆ ಮೇಷ್ಟ್ರದು, ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ.

ನಾಲ್ಕು ತಲೆ ಸೇರಿ ಮಾಡಿದ ಯೋಜನೆಯಲ್ಲಿ ಒಬ್ಬರಿಗೂ ಹೊಳೆಯದ ಸಂಗತಿಯೆಂದರೆ ಆ ಕಾರಿಗೆ ಎರಡು ಬ್ರೇಕು. ಮೇಷ್ಟ್ರು ಕಲಿಯುವವರ ಸೀಟಿನಲ್ಲಿ ಕೂತು ಓಡಿಸಿದರು. ಅವರು ದಿನವೂ ಕೂರುವ ಸೀಟಿನಲ್ಲಿ ನಾನು, ನನ್ನ ಕಾಲಡಿ ಎರಡನೇ ಬ್ರೇಕು. ತಿರುವಿನಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದುಕೊಂಡೆ. ಕಾರು ಗಕ್ಕನೆ ನಿಂತಿತು. ಹಾಲಿನ ಬಾಟಲಿ ಕುದಿಸಿದ್ದೆನೇ? ಮತ್ತೆ ಗಕ್ಕ. ತೊಟ್ಟಿಲ ಕೊಕ್ಕೆ? ಹಿಂದಿದ್ದ ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ, "ಯಾರಿಗ್ರೀ ಕಲಿಸ್ತಿದ್ದೀರಾ?" ಎಂದು ಅರಚಿದ.

"ಬಿಳಿ ಗುಂಡಿಗೆ ಕಣ್ರೀ!" ಎಂದು ಅರಚಿದರು ಮೇಷ್ಟ್ರು. ಆಮೇಲೆ ನನ್ನತ್ತ ತಿರುಗಿ, "ಇಷ್ಟು ಬ್ರೇಕು ನಾನೇ ಯಾವತ್ತೂ ಹಾಕಿಲ್ಲ ತಾಯಿ. ಕಾಲು ಮೇಲಿಟ್ಕೊಂಡು ಕೂತ್ಕೋ."

ಸೀಟಿನ ಮೇಲೆ ಕಾಲು ಮಡಚಿ ಕೂತೆ. ಪೆಟ್ರೋಲ್ ಬಂಕ್ ದಾಟಿತು. ಮೇಷ್ಟ್ರು ಕಾರು ನಿಲ್ಲಿಸಿ ಟೀ ಕೊಡಿಸಿದರು. ನನ್ನ ಲೋಟದಲ್ಲಿ ಟೀ ತಣ್ಣಗಾಯಿತು.

"ಅಳ್ತಾ ಇರ್ತಾಳೆ," ಎಂದೆ.

"ಇರಬಹುದು." ಅವರು ಸುಳ್ಳು ಸಮಾಧಾನ ಹೇಳಲಿಲ್ಲ. "ನನ್ನ ಹತ್ರ ಕಲಿಯೋರೂ ಅಳ್ತಾರೆ. ಸ್ಟೇರಿಂಗ್ ಮಾತ್ರ ಬಿಡಲ್ಲ."

ವಾಪಸು ಬಂದಾಗ ಮನೆ ನಿಶ್ಶಬ್ದ. ಮೆಟ್ಟಿಲು ಹಾರಿಕೊಂಡು ಹೋದೆ. ತೊಟ್ಟಿಲು ಖಾಲಿ. ಬಾಗಿಲಲ್ಲಿದ್ದ ವೈರಿಂಗ್ ಅಣ್ಣ ತುಟಿಯ ಮೇಲೆ ಬೆರಳಿಟ್ಟು ನೆಲ ತೋರಿಸಿದ. ಚಾಪೆಯ ಮೇಲೆ ಮಾವ, ಬಾಯಿ ತೆರೆದು, ಗೊರಕೆ ಹೊಡೆಯುತ್ತ. ಪಕ್ಕದಲ್ಲಿ ಮಗಳು ಕೂತು ಅವರ ಹೊಟ್ಟೆ ತಟ್ಟುತ್ತಿದ್ದಳು, ನಾನು ಅವಳನ್ನು ತಟ್ಟುವ ಹಾಗೆಯೇ. ಜೊತೆಗೆ ಅದೇನೋ ರಾಗ ಬೇರೆ.

"ಅತ್ತಳಾ?" ಪಿಸುಗುಟ್ಟಿದೆ.

"ಅತ್ಲು. ಸಾಕಾಯ್ತು, ಬಿಟ್ಲು. ಈ ಪುಣ್ಯಾತ್ಮ ಹಾಡ್ತಾ ಹಾಡ್ತಾ ತಾನೇ ಬಿದ್ಕೊಂಡ್ರು."

ಮಗಳು ನನ್ನನ್ನು ನೋಡಿದಳು. ಕೂಡಲೇ ತುಟಿ ಉಬ್ಬಿಸಿ ಜೋರಾಗಿ ಅಳಲು ಶುರುಮಾಡಿದಳು.

ವಿಮರ್ಶೆಗೆ ಎಲ್ಲರೂ ಮೇಜಿನ ಸುತ್ತ ಸೇರಿದರು. "ಸೋಲು," ಎಂದರು ಮಾವ, ಕಣ್ಣುಜ್ಜಿಕೊಳ್ಳುತ್ತ. "ಮಲಗಬೇಕಿದ್ದದ್ದು ಹಳದಿ. ಮಲಗಿದ್ದು ಕಂದು."

"ಶತ್ರು ತಟ್ಟಿ ಮಲಗಿಸ್ತು ಅಣ್ಣ," ಎಂದ ಕಟಿಂಗ್ ಅಣ್ಣ. "ಇಂಥ ಸೋಲು ಮೊಬೈಲಲ್ಲೂ ಆಗಿಲ್ಲ."

"ಕೋಟೆ ಉಳೀತಲ್ರೋ?" ಎಂದರು ಮೇಷ್ಟ್ರು.

"ಉಳೀತು. ನಮ್ಮಿಂದ ಅಲ್ಲ."

ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಕೇಳುತ್ತಿದ್ದೆ. ಅವಳು ಅತ್ತಿದ್ದಳು, ತಾನೇ ಬಿಟ್ಟಿದ್ದಳು. ನಾನು ಪೆಟ್ರೋಲ್ ಬಂಕಿನಾಚೆ ಇದ್ದೆ. ಏನೂ ಆಗಿರಲಿಲ್ಲ. ಈ ನಾಲ್ವರ ಮಾತು ಕೇಳಿ ನನಗೂ ಇದು ಸೋಲೆಂದು ಅನ್ನಿಸುವ ಮೊದಲೇ ಕಚೇರಿಗೆ ಫೋನ್ ಹಚ್ಚಿದೆ.

"ಮಗೂನ ಯಾರು ನೋಡ್ಕೋತಾರಮ್ಮ?" ಎಂದರು ಮ್ಯಾನೇಜರ್.

"ನಮ್ಮ ಮಾವ, ಮೇಡಂ."

"ಅವರಿಗೆ ಅಭ್ಯಾಸ ಇದೆಯಾ?"

ಮೇಜಿನ ಕಡೆ ನೋಡಿದೆ. ಮಾವ ಬಾಗಿ ತೊಟ್ಟಿಲಿಗೂ ಚಾಪೆಗೂ ನಡುವೆ ಬಾಣ ಎಳೆಯುತ್ತ, ಹಾಡುವಾಗ ಕಣ್ಣು ಮುಚ್ಚಿದ್ದಕ್ಕೆ ಕಂದು ಗುಂಡಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು.

"ದಿನಾ ತಿದ್ಕೋತಾರೆ ಮೇಡಂ," ಎಂದೆ. "ಸೋಮವಾರ ಬರ್ತೀನಿ."