ತೆಗೆದುಬಿಡ್ರಿ ಹುಜೂರ್

ಕಲಬುರಗಿಯ ಕಲೆಕ್ಟರ್ ಕಚೇರಿಯಲ್ಲಿ ನನ್ನನ್ನು ಎದುರಿನ ಬೆಂಚಿನ ಮೇಲೆ ಕೂರಿಸಿದ್ದು ಎಲ್ಲರ ಕಣ್ಣಿಗೆ ಬೀಳಲಿ ಎಂದು. ಅದು ನನಗೆ ತಿಳಿದದ್ದು ಅಲ್ಲಿ ಕೂತು ಬಹಳ ಹೊತ್ತಾದ ಮೇಲೆ. ತೊಳೆದ ಬಿಳಿ ಸೀರೆ ಉಟ್ಟು ಬಾ, ತಲೆ ನೆಟ್ಟಗೆ ಬಾಚಿಕೊಂಡು ಬಾ ಎಂದು ನಮ್ಮ ಜಿಲ್ಲಾ ಡಾಕ್ಟರ್ ಸಾಹೇಬರು ಹಿಂದಿನ ವಾರವೇ ಹೇಳಿ ಕಳಿಸಿದ್ದರು. ನನ್ನ ಕೆಲಸ ಮೆಚ್ಚಿ ದೊಡ್ಡವರ ಮುಂದೆ ನಾಲ್ಕು ಒಳ್ಳೆಯ ಮಾತು ಆಡಲಿಕ್ಕೆ ಕರೆದಿದ್ದಾರೆ ಎಂದು ದಾರಿಯುದ್ದಕ್ಕೂ ಹಿಗ್ಗುತ್ತಾ ಬಂದಿದ್ದೆ. ನನ್ನಂಥ ದಡ್ಡಿ ಇನ್ನೊಬ್ಬಳಿರಲಿಲ್ಲ.

ಆಗ ನಾನು ಕಮಲಾಪುರದ ಸರ್ಕಾರಿ ದವಾಖಾನೆಯಲ್ಲಿ ನರ್ಸು. ಹೆರಿಗೆ ಮಾಡಿಸುವುದೇ ಮುಖ್ಯ ಕೆಲಸ. ಹೈದರಾಬಾದಿನಲ್ಲಿ ಕಲಿತು ಬಂದಿದ್ದೆ. ಗಂಡ ತೀರಿಕೊಂಡಿದ್ದ, ತಾಯಿ ಮತ್ತು ಸಣ್ಣ ಮಗಳು ನನ್ನ ಪಗಾರದ ಮೇಲೆಯೇ ಇದ್ದರು. ಡಾಕ್ಟರ್ ಸಾಹೇಬರು ಕಮಲಾಪುರಕ್ಕೆ ಬರುತ್ತಿದ್ದದ್ದು ಯಾವಾಗಲೋ ಒಮ್ಮೆ. ಬಂದರೂ ಮೋಟಾರಿನ ಇಂಜಿನ್ನು ಆರಿಸುತ್ತಿರಲಿಲ್ಲ. ಸುತ್ತಲಿನ ಹಳ್ಳಿಗಳ, ತಾಂಡಾಗಳ ಹೆಂಗಸರಿಗೆ ಹೆರಿಗೆ ಬೇನೆ ಬಂದರೆ ಅವರ ಪಾಲಿಗೆ ಇದ್ದವಳು ನಾನೊಬ್ಬಳೇ.

ಪೊಲೀಸ್ ಆ್ಯಕ್ಷನ್ ಆಗಿ ಕೆಲವು ವರ್ಷಗಳಾಗಿದ್ದವು. ನಿಜಾಮರ ಕಾಲದ ಹಾಕಿಮರು ಹೋಗಿ ಹೊರಗಿನ ಪ್ರಾಂತದ ಅಧಿಕಾರಿಗಳು ಬಂದಿದ್ದರು. ಹೈದರಾಬಾದಿನಿಂದ ಹುಕುಂ ಬಂದಿತ್ತು: ಖಜಾನೆಯಲ್ಲಿ ಏನೂ ಇಲ್ಲ, ಪ್ರತಿಯೊಂದು ಇಲಾಖೆಯೂ ಖರ್ಚು ಇಳಿಸಬೇಕು, ಏನೇನು ಬಿಡುತ್ತೀರಿ ಎಂದು ಕಲೆಕ್ಟರರ ಮುಂದೆ ಬಂದು ಹೇಳಬೇಕು. ಆ ದಿನದ ಸಭೆ ಇದಕ್ಕಾಗಿಯೇ ಸೇರಿತ್ತು.

ಖರ್ಚು ಇಳಿಸುವ ಹುಕುಂ ನಮ್ಮ ಕಚೇರಿಗಳಿಗೆ ಹೊಸದೇನೂ ಆಗಿರಲಿಲ್ಲ. ಅದಕ್ಕೆ ಅವರು ಹಿಂದಿನಿಂದಲೂ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಇಲಾಖೆಯಲ್ಲಿ ಯಾವುದನ್ನು ತೆಗೆಯಲಿಕ್ಕೆ ಸಾಧ್ಯವೇ ಇಲ್ಲವೋ ಅದನ್ನೇ ಮೊದಲು ಎದುರಿಗಿಡುವುದು. "ಇದನ್ನು ತೆಗೆದುಬಿಡ್ರಿ ಹುಜೂರ್" ಎಂದು ತಲೆ ಬಗ್ಗಿಸಿ ನಿಲ್ಲುವುದು. ಹುಜೂರರು "ತೋಬಾ ತೋಬಾ, ಅದನ್ನು ಹೇಗೆ ತೆಗೆಯಲಿ!" ಎಂದು ಕಿವಿ ಮುಟ್ಟಿಕೊಳ್ಳುವುದು. ಇಷ್ಟು ಬಡತನದಲ್ಲಿ ಇಲಾಖೆ ನಡೆಸುತ್ತಿದ್ದಾರೆ ಪಾಪ ಎಂದು ಅವರ ಮನಸ್ಸು ಕರಗಿ, ಉಳಿದದ್ದನ್ನು ಮುಟ್ಟದೆ ಬಿಡುವುದು. ಇದು ನಾಟಕವೆಂದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಬೀಗರ ಮನೆಯಲ್ಲಿ ಹಸಿದು ಕೂತವನು "ಈಗ ಉಂಡ ಬಂದೀನ್ರಿ" ಎನ್ನುವುದಿಲ್ಲವೇ, ಹಾಗೆ. ಒತ್ತಾಯ ಮಾಡಿ ಎಲೆ ಹಾಕುತ್ತಾರೆ ಎಂಬ ಧೈರ್ಯದ ಮೇಲೆ ಆಡುವ ಮಾತು ಅದು.

ಹಿರಿತನದ ಲೆಕ್ಕದಲ್ಲಿ ನಮ್ಮ ಡಾಕ್ಟರ್ ಸಾಹೇಬರೇ ಮೊದಲು ಎದ್ದರು. ಸಭೆ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಅದನ್ನು ಕಚೇರಿಯ ಗುಮಾಸ್ತ ಪೇಶ್ಕಾರ ಹೊರಗಿನಿಂದ ಬಂದ ಕಲೆಕ್ಟರರಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ಡಾಕ್ಟರು ಶೇರ್ವಾನಿಯ ಗುಂಡಿ ಸರಿಮಾಡಿಕೊಂಡು, ಗಂಟಲು ಕಟ್ಟಿದವರಂತೆ ಸಣ್ಣ ದನಿಯಲ್ಲಿ, ನಮ್ಮ ಇಲಾಖೆಯಲ್ಲಿ ಬಿಡುವಂಥದ್ದು ಏನೂ ಉಳಿದಿಲ್ಲ, ಆದರೂ ಸರ್ಕಾರದ ಕಷ್ಟ ನಮ್ಮ ಕಷ್ಟ, ಕಮಲಾಪುರದ ನರ್ಸಿನ ಹುದ್ದೆಯನ್ನು ತೆಗೆದುಬಿಡಿ, ಅದಿಲ್ಲದೆ ಹೇಗೋ ನಡೆಸುತ್ತೇವೆ ಎಂದರು. ಎಂದವರು ನನ್ನ ಕಡೆ ಕೈ ತೋರಿಸಿದರು. ಅಲ್ಲಿದ್ದವರೆಲ್ಲ ತಿರುಗಿ ನನ್ನನ್ನೂ ನನ್ನ ಬಿಳಿ ಸೀರೆಯನ್ನೂ ನೋಡಿದರು. ಸಂತೆಯಲ್ಲಿ ಆಕಳ ಹಲ್ಲು ನೋಡುತ್ತಾರಲ್ಲ, ಹಾಗೆ ನೋಡಿದರು.

ಕಲೆಕ್ಟರರು ಒಳ್ಳೆಯ ಮನುಷ್ಯ. ಇದನ್ನು ಹೊಟ್ಟೆ ಉರಿಯುತ್ತಿದ್ದರೂ ಹೇಳುತ್ತೇನೆ. ಅವರು ಪೇಶ್ಕಾರನ ಮಾತು ಪೂರ್ತಿ ಕೇಳಿದರು. "ಈ ಹುದ್ದೆ ಬೇಡವೆಂದು ನೀವೇ ಯೋಚನೆ ಮಾಡಿ ಹೇಳುತ್ತಿದ್ದೀರಿ ತಾನೇ?" ಎಂದು ತಿರುಗಿ ಕೇಳಿಸಿದರು. ಆಗಲಾದರೂ ಇಲ್ಲ ಅನ್ನಬಹುದಿತ್ತು. ಕಿವಿ ಮುಟ್ಟಿಕೊಳ್ಳುವ ಹೊತ್ತು ಇನ್ನೇನು ಬಂತು ಎಂದುಕೊಂಡ ನಮ್ಮ ಸಾಹೇಬರು ಇನ್ನಷ್ಟು ಬಗ್ಗಿ ಹೌದೆಂದರು. ಕಲೆಕ್ಟರರು ಪೆನ್ನು ತೆಗೆದು ಬರೆದುಕೊಂಡರು. "ಇಷ್ಟು ಪ್ರಾಮಾಣಿಕವಾಗಿ ಹೇಳಿದ್ದಕ್ಕೆ ಧನ್ಯವಾದ" ಎಂದರು. ಅವರ ಊರಿನ ಕಡೆ ಬೇಡ ಎಂದರೆ ಬೇಡ ಎಂದೇ ಅರ್ಥ ಇರಬೇಕು.

ಡಾಕ್ಟರ್ ಸಾಹೇಬರು ನಿಂತೇ ಇದ್ದರು. ಪೇಶ್ಕಾರ ಕೂತುಕೊಳ್ಳಿರೆಂದು ಸನ್ನೆ ಮಾಡಿದ ಮೇಲೆ ಕೂತರು.

ಆಮೇಲೆ ಆ ಸಭೆಯ ಚೆಂದ ನೋಡಬೇಕಿತ್ತು! ಶಿಕ್ಷಣ ಇಲಾಖೆಯವರು ಹೆಣ್ಣುಮಕ್ಕಳ ಶಾಲೆಯ ಒಬ್ಬಳೇ ಮಾಸ್ತರಬಾಯಿಯನ್ನು ನನ್ನ ಪಕ್ಕದಲ್ಲಿಯೇ ತಂದು ಕೂರಿಸಿದ್ದರು. ಅವರು ಎದ್ದು ನಿಂತು, ಅವಳ ಹೆಸರೇ ಎತ್ತದೆ, ತಮ್ಮ ಆಫೀಸಿನ ಪಂಖಾ ಎಳೆಯುವ ಆಳುಗಳನ್ನು ಬಿಟ್ಟುಕೊಟ್ಟರು. ರಸ್ತೆಯವರು ಬಂಗಲೆಯ ರತ್ನಗಂಬಳಿ ಬೇಡವೆಂದರು. ಜೈಲಿನವರು ಹೂದೋಟಕ್ಕೆ ನೀರೆತ್ತುವ ಎತ್ತುಗಳನ್ನು ಬಿಟ್ಟರು. ಏನೂ ಇಲ್ಲವೆಂದು ವರ್ಷವಿಡೀ ಅಳುತ್ತಿದ್ದವರ ಹತ್ತಿರ ಬಿಡಲಿಕ್ಕೆ ಇಷ್ಟೆಲ್ಲ ಇತ್ತು. ಪಕ್ಕದ ಮಾಸ್ತರಬಾಯಿ ನನ್ನ ಕೈ ಹಿಡಿದುಕೊಂಡಳು. ಅವಳ ನೌಕರಿ ಉಳಿದದ್ದು ನನ್ನದು ಹೋದದ್ದರಿಂದ. ಅವಳ ತಪ್ಪೇನೂ ಇರಲಿಲ್ಲ. ಆದರೂ ನಾನು ಕೈ ಬಿಡಿಸಿಕೊಂಡೆ.

ಸಭೆ ಮುಗಿದ ಮೇಲೆ ವರಾಂಡದಲ್ಲಿ ಸಾಹೇಬರನ್ನು ತಡೆದು ನಿಲ್ಲಿಸಿದೆ.

"ಒಳಗ ಹೋಗಿ ನರ್ಸ್ ಬೇಕು ಅಂತ ಹೇಳ್ರಿ ಸಾಹೇಬ್ರ. ಈಗ್ಲೇ ಹೇಳ್ರಿ. ಅವ್ರು ಇನ್ನಾ ಎದ್ದಿಲ್ಲ."

"ಹೆಂಗ ಹೇಳ್ಲಿ ಬಾಯಿ? ಬ್ಯಾಡ ಅಂತ ನಾನ ಈಗ ಹೇಳಿ ಬಂದೀನಿ."

"ಹಂಗಾದ್ರ ತಪ್ಪಿ ಹೇಳ್ದೆ ಅನ್ರಿ."

"ಅಷ್ಟು ಮಂದಿ ಮುಂದ ನಾ ಸುಳ್ಳು ಹೇಳಿದ್ದೆ ಅಂತ ಒಪ್ಕೋಬೇಕೇನು? ನನ್ನ ಮರ್ಯಾದಿ ಏನಾಗ್ಬೇಕು?" ಎಂದವರು ದನಿ ಇಳಿಸಿ, "ಮುಂದಿನ ವರ್ಷ ಮತ್ತ ಕೇಳೋಣು. ಅಲ್ಲೀತನಕ ನಮ್ಮ ಮನ್ಯಾಗ ಸೊಸಿ ಬಾಣಂತನ ಅದ, ಎಣ್ಣಿ ನೀರು ಹಾಕ್ಲಿಕ್ಕೆ ಬರ್ತಿ ಏನು?" ಎಂದರು.

ಅವರ ಮೋಟಾರು ಮೆಟ್ಟಿಲ ಕೆಳಗೇ ನಿಂತಿತ್ತು. ಅದನ್ನು ಉಳಿಸಿಕೊಳ್ಳಲಿಕ್ಕೇ ಅವರು ನನ್ನನ್ನು ಎದುರಿಗಿಟ್ಟದ್ದು ಎಂದು ಅವರ ಡ್ರೈವರನೇ ನನಗೆ ಹೇಳಿದ. ಅವರ ಮರ್ಯಾದೆಯೂ ಉಳಿಯಿತು, ಮೋಟಾರೂ ಉಳಿಯಿತು. ನಾನು ಬಸ್ಸು ಹತ್ತಿ ಕಮಲಾಪುರಕ್ಕೆ ಬಂದೆ. ದಾರಿಯಲ್ಲಿ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಈ ವಯಸ್ಸಿನಲ್ಲೂ ಇಳಿದಿಲ್ಲ.

ತಿಂಗಳು ತುಂಬುವ ಮೊದಲೇ ಕಲಬುರಗಿಯಿಂದ ಜವಾನ ಬಂದು ನನ್ನ ಹೆರಿಗೆ ಪೆಟ್ಟಿಗೆಗೆ ಅರಗಿನ ಮೊಹರು ಹಾಕಿ ಒಯ್ದ. ಕತ್ತರಿ, ಚಿಮಟ, ಸೂಜಿ, ರಕ್ತ ನಿಲ್ಲಿಸುವ ಔಷಧದ ಸೀಸೆಗಳು ಎಲ್ಲ ಅದರಲ್ಲೇ ಇದ್ದವು. ಹುದ್ದೆ ಇಲ್ಲದ ಮೇಲೆ ಸರ್ಕಾರದ ಸಾಮಾನು ನಿನ್ನ ಹತ್ತಿರ ಯಾಕೆ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲಿಕ್ಕೆ ಆಗುವಂತಿರಲಿಲ್ಲ. ನಾನು ಮನೆಯಲ್ಲಿ ಹೊಲಿಗೆ ಶುರು ಮಾಡಿದೆ. ತಾಯಿ ಬಾಳೆ ತೋಟಕ್ಕೆ ಕೂಲಿಗೆ ಹೋಗತೊಡಗಿದಳು.

ಹುದ್ದೆ ಹೋಯಿತೆಂದು ಬಸುರಿಯರ ಬೇನೆ ನಿಲ್ಲುತ್ತದೆಯೇ? ಅವರು ನನ್ನ ಬಾಗಿಲಿಗೇ ಬಂದರು. ನಾನೂ ಹೋದೆ. ಬಟ್ಟೆ ಕತ್ತರಿಸುವ ಕತ್ತರಿಯನ್ನೇ ಕುದಿಸಿ ಹೊಕ್ಕಳಬಳ್ಳಿ ಕತ್ತರಿಸಿದೆ. ಸುಸೂತ್ರ ಹೆರಿಗೆಗಳಿಗೆ ಅಷ್ಟು ಸಾಕಾಗುತ್ತಿತ್ತು. ಪ್ರತಿ ಸಲವೂ ಮನೆಗೆ ಬಂದು, ಇವತ್ತು ಪಾರಾದೆ ಎಂದು ಉಸಿರು ಬಿಡುತ್ತಿದ್ದೆ.

ಒಂದು ದಿನ ಬೆಳಿಗ್ಗೆ ಊರ ಹೊರಗಿನ ತಾಂಡಾದಿಂದ ಕರೆ ಬಂತು. ಇನ್ನೂ ಮುಖದ ಮೇಲಿನ ಎಳೆತನ ಹೋಗದ ಹುಡುಗಿ, ಚೊಚ್ಚಲು. ಹೆಣ್ಣು ಕೂಸು ಚೆನ್ನಾಗಿ ಹುಟ್ಟಿತು, ಚೆನ್ನಾಗಿ ಅತ್ತಿತು. ಆದರೆ ತಾಯಿಯ ರಕ್ತ ನಿಲ್ಲಲಿಲ್ಲ. ಹೊಟ್ಟೆ ತಿಕ್ಕಿದೆ, ಬಟ್ಟೆ ಒತ್ತಿದೆ, ಮಂಚವನ್ನು ಕಾಲಿನ ಕಡೆ ಎತ್ತರ ಮಾಡಿದೆ. ಏನು ಚುಚ್ಚಬೇಕೆಂದು ಗೊತ್ತಿತ್ತು, ಎಲ್ಲಿ ಚುಚ್ಚಬೇಕೆಂದು ಗೊತ್ತಿತ್ತು. ಆ ಸೀಸೆ ಕಲಬುರಗಿಯಲ್ಲಿತ್ತು.

ಕೆಂಪು ಬಾಳೆಗೊನೆ ತುಂಬಿಕೊಂಡು ಪೇಟೆಗೆ ಹೊರಟಿದ್ದ ಲಾರಿಯನ್ನು ಅಡ್ಡಗಟ್ಟಿದೆವು. ಲಾರಿಯವನು ಪುಣ್ಯಾತ್ಮ, ಅರ್ಧ ಗೊನೆಗಳನ್ನು ರಸ್ತೆಯ ಬದಿಗೆ ಇಳಿಸಿ ಜಾಗ ಮಾಡಿದ. ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು, ಕೂಸು ಅವಳ ಅತ್ತೆಯ ಮಡಿಲಲ್ಲಿತ್ತು. ಅರ್ಧ ದಾರಿಯವರೆಗೂ ಅವಳು ನೀರು ಕೇಳಿದಳು. ಆಮೇಲೆ ಕೇಳಲಿಲ್ಲ. ಅತ್ತೆಗೆ ನಾನು ಹೇಳಲಿಲ್ಲ, ಡ್ರೈವರನಿಗೂ ಹೇಳಲಿಲ್ಲ. ಬೇಗ ನಡಿ ಎಂದು ಕೂಗುತ್ತಲೇ ಇದ್ದೆ.

ದೊಡ್ಡ ದವಾಖಾನೆಯ ಬಾಗಿಲಲ್ಲಿ ಇಳಿಸಿದಾಗ ಡಾಕ್ಟರ್ ಸಾಹೇಬರೇ ಹೊರಗೆ ಬಂದರು. ನನ್ನ ಸೀರೆಯೆಲ್ಲ ರಕ್ತವಾಗಿತ್ತು, ಸೆರಗು ಮುಖದ ಮೇಲಿತ್ತು. ಅವರು ಹುಡುಗಿಯ ಕೈ ಹಿಡಿದು ನೋಡಿದರು, ರೆಪ್ಪೆ ಎತ್ತಿ ನೋಡಿದರು. ನಿಜವಾಗಿಯೂ ಸಿಟ್ಟಿಗೆದ್ದರು.

"ಇಷ್ಟು ದೂರ ತನಕ ಹೊತ್ಕೊಂಡು ಬರೋದೇನು? ಕಮಲಾಪುರದಾಗ ನೋಡೋರು ಯಾರೂ ಇರ್ಲಿಲ್ಲೇನು?"

"ಇದ್ದೆರೀ ಸಾಹೇಬ್ರ," ಎಂದು ಸೆರಗು ಸರಿಸಿದೆ. "ನಾ ಇದ್ದೆ."

ಅವರಿಗೆ ನನ್ನ ಗುರುತು ಹತ್ತಿತು. ಆಮೇಲೆ ಕಂಪೌಂಡರನ ಕಡೆ ತಿರುಗಿ, "ಮುಂದಿನೋರ್ನ ಕರಿ" ಎಂದರು.